ಒಂದು ಚಿಟಿಕೆ ಪುಡಿ, ಒಂದು ಒಳಲೆ ಹಾಲು

ನಮ್ಮ ಮನೆಯಲ್ಲಿ ಗ್ರಾಂ ಲೆಕ್ಕ ಹಿಡಿಯುತ್ತಿದ್ದದ್ದು ಎರಡೇ ವಸ್ತುಗಳಿಗೆ. ಒಂದು ಬಂಗಾರ, ಇನ್ನೊಂದು ಏಲಕ್ಕಿ. ಉಳಿದದ್ದೆಲ್ಲ ಸೇರು, ಕೆ.ಜಿ., ಮೂಟೆ. ಆದರೆ 2018ರ ಜೂನ್‌ನಿಂದ ಒಂದೂವರೆ ತಿಂಗಳ ಕಾಲ ನಾನು, ನಮ್ಮ ಯಜಮಾನರು, ನಮ್ಮತ್ತೆ ಮೂವರೂ ಬೆಳಗ್ಗೆ ಎದ್ದು ಕೇಳುತ್ತಿದ್ದ ಮೊದಲ ಪ್ರಶ್ನೆ ‘ಇವತ್ತು ಎಷ್ಟು ಗ್ರಾಂ?’ ಎಂಬುದೇ ಆಗಿತ್ತು. ನಮ್ಮ ಪುಟ್ಟಿ ಹುಟ್ಟಿದಾಗ ಅವಳ ತೂಕ 1,180 ಗ್ರಾಂ. ಒಂದು ಕೆ.ಜಿ. ಸಕ್ಕರೆ ಪ್ಯಾಕೆಟ್, ಅದರ ಮೇಲೊಂದಿಷ್ಟು ಕಾಫಿ ಪುಡಿ. ಅಷ್ಟೇ ಭಾರ.

ನಮ್ಮದು ತರೀಕೆರೆ ಕಡೆಯ ಹಳ್ಳಿ. ನಾನು ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಯಜಮಾನರು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವರು. ಆಷಾಢ ಹಿಡಿಯುವ ಮುಂಚೆ ನನ್ನ ಸೀಮಂತ ಮುಗಿಸಬೇಕೆಂದು ದಿನ ಗೊತ್ತು ಮಾಡಿ, ಹಸಿರು ಸೀರೆ ತಂದಿಟ್ಟಾಗಿತ್ತು. ಅದಕ್ಕೆ ಇನ್ನೂ ಎಂಟು ದಿನ ಇರುವಾಗ ತಲೆಸಿಡಿತ ಶುರುವಾಯಿತು. ಪಾದ ಊದಿ ಚಪ್ಪಲಿ ಹಿಡಿಸಲಿಲ್ಲ. ಬಿ.ಪಿ. ನೋಡಿದ ಸಿಸ್ಟರ್ ಮಾತಾಡದೆ ಇನ್ನೊಂದು ಸಲ ಪಟ್ಟಿ ಕಟ್ಟಿ ನೋಡಿದರು. ಅದೇ ಸಂಜೆ ನನ್ನನ್ನು ಶಿವಮೊಗ್ಗದ ಒಂದು ಆಸ್ಪತ್ರೆಗೆ ಕರೆದೊಯ್ದರು. ಮಗುವಿನ ಶ್ವಾಸಕೋಶ ಬಲಿಯಲೆಂದು ನನಗೆ ಇಂಜೆಕ್ಷನ್ ಕೊಟ್ಟು, ಎರಡು ದಿನ ಹೇಗೋ ತಳ್ಳಿ, ಮೂರನೆಯ ದಿನ ಆಪರೇಷನ್ ಮಾಡಿದರು. ಆಗ ಗರ್ಭಕ್ಕೆ 30 ವಾರ. 37 ವಾರ ತುಂಬುವ ಮೊದಲು ಹುಟ್ಟಿದರೆ ಅವಧಿಪೂರ್ವ ಶಿಶು ಎನ್ನುತ್ತಾರಂತೆ. ನಮ್ಮದು ಅದಕ್ಕೂ ಏಳು ವಾರ ಮೊದಲೇ ಬಂದ ಅವಸರದ ಅತಿಥಿ.

ನೋಡಲು ಬಂದ ಊರಿನವರು, “ಏಳಕ್ಕೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಕಷ್ಟ. ನಿಮ್ದು ಏಳೇ ಅಲ್ವಾ, ಹೆದರಬೇಡಿ” ಎಂದು ಸಮಾಧಾನ ಹೇಳಿದರು. ಮಕ್ಕಳ ಡಾಕ್ಟರಮ್ಮನನ್ನು ಕೇಳಿದರೆ, “ಹಾಗೇನಿಲ್ಲ. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭವೇ” ಎಂದರು. ಸಮಾಧಾನ ಮತ್ತು ಸತ್ಯ ಎರಡೂ ಬೇರೆ ಬೇರೆ ಎಂದು ಅವತ್ತೇ ಗೊತ್ತಾಯಿತು.

ಮಗುವನ್ನು ನಾನು ಮೊದಲು ನೋಡಿದ್ದು ಎರಡನೆಯ ದಿನ, ಗಾಲಿಕುರ್ಚಿಯಲ್ಲಿ ಕುಳಿತು. ಚರ್ಮ ಎಷ್ಟು ತೆಳುವೆಂದರೆ ಒಳಗಿನ ನರಗಳೆಲ್ಲ ಕಾಣುತ್ತಿದ್ದವು. ನನ್ನ ಉಂಗುರ ಅವಳ ಕೈಗೆ ಬಳೆಯಾಗುವಂತಿತ್ತು. ಬಾಯಿಯಿಂದ ಹೊಟ್ಟೆಗೆ ಒಂದು ಸಪೂರ ನಳಿಕೆ. ಚೀಪುವುದು, ನುಂಗುವುದು, ಉಸಿರಾಡುವುದು ಈ ಮೂರನ್ನೂ ಹೊಂದಿಸಿಕೊಂಡು ಮಾಡುವ ಕಲೆ ಮಗುವಿಗೆ ಸುಮಾರು 34 ವಾರದ ಹೊತ್ತಿಗೆ ಬರುತ್ತದಂತೆ. ಅಲ್ಲಿಯವರೆಗೆ ನಳಿಕೆಯೇ ಗತಿ.

ಎಳೆಯ ಮಕ್ಕಳು ಉಸಿರಾಡುವುದನ್ನೇ ಮರೆತುಬಿಡುತ್ತವೆ. ಪುಟ್ಟಿಯೂ ಮರೆಯುತ್ತಿದ್ದಳು. ಯಂತ್ರ ಕುಂಯ್ ಎಂದು ಕೂಗುತ್ತಿತ್ತು, ಸಿಸ್ಟರ್ ಬಂದು ಅಂಗಾಲು ತಟ್ಟುತ್ತಿದ್ದರು. ಅದಕ್ಕೆ ಕೊಡುತ್ತಿದ್ದ ಔಷಧ ಯಾವುದು ಗೊತ್ತೇ? ಕೆಫೀನ್! ಕಾಫಿಯಲ್ಲಿರುವುದೇ ಅದು. ಇದನ್ನು ಕೇಳಿದ ನಮ್ಮತ್ತೆ ಆ ದುಃಖದಲ್ಲೂ ನಕ್ಕುಬಿಟ್ಟರು. “ಚಿಕ್ಕಮಗಳೂರು ಜಿಲ್ಲೆಯ ಕೂಸು ಕಣೇ! ಹಾಲಿಗಿಂತ ಮುಂಚೆ ಕಾಫಿ ಕೇಳ್ತಾ ಇದೆ.”

ಹಾಲಿನ ಕಥೆ ಶುರುವಾದದ್ದೂ ಅದೇ ದಿನ. ಸಿಸ್ಟರ್ ಒಂದು ಸಣ್ಣ ಸ್ಟೀಲ್ ಬಟ್ಟಲು ಕೊಟ್ಟು, ಕೈಯಿಂದ ಹಾಲು ಹಿಂಡುವುದನ್ನು ಹೇಳಿಕೊಟ್ಟರು. ಅರ್ಧ ಗಂಟೆ ಕೂತರೂ ಬಂದದ್ದು ನಾಲ್ಕು ಹನಿ ಹಳದಿ ಅಂಟು. ನನಗೆ ನಾಚಿಕೆಯಾಯಿತು. ನಮ್ಮತ್ತೆಯ ಕಾಲದಲ್ಲಿ ಆ ಗಿಣ್ಣು ಹಾಲನ್ನು ಚೆಲ್ಲಿಬಿಡುತ್ತಿದ್ದರಂತೆ. ಸಿಸ್ಟರ್ ಮಾತ್ರ ಆ ನಾಲ್ಕು ಹನಿಯನ್ನೂ ಸಿರಿಂಜಿನಲ್ಲಿ ಎಳೆದುಕೊಂಡು, ಹತ್ತಿಯಲ್ಲಿ ಅದ್ದಿ ಪುಟ್ಟಿಯ ಕೆನ್ನೆಯ ಒಳಗೆ ಸವರಿದರು. “ಇದು ಹಾಲಲ್ಲ ಮೇಡಂ, ಮೊದಲ ಲಸಿಕೆ ಅಂದ್ಕೊಳ್ಳಿ” ಎಂದರು. ಅಂದಿನಿಂದ ಎರಡು ಗಂಟೆಗೆ ಒಂದು ಮಿ.ಲೀ., ಆಮೇಲೆ ಎರಡು, ನಾಲ್ಕು, ಆರು ಎಂದು ನಳಿಕೆಯಲ್ಲಿ ಹಾಲು ಏರುತ್ತ ಹೋಯಿತು. ನಾನು ಹಗಲು ರಾತ್ರಿ ಸೇರಿ ಎಂಟು ಸಲ ಹಿಂಡುತ್ತಿದ್ದೆ. ನಡುರಾತ್ರಿ ಎರಡಕ್ಕೂ ಅಲಾರಂ.

ಪಕ್ಕದ ಮಂಚದ ತಾಯಿಗೆ ಹಾಲು ಉಕ್ಕಿ ಬರುತ್ತಿತ್ತು. “ನನ್ನದನ್ನೇ ಸ್ವಲ್ಪ ಕೊಡ್ತೀನಿ ಅಕ್ಕಾ” ಎಂದಳು ಪುಣ್ಯಾತ್ಗಿತ್ತಿ. ಹಳ್ಳಿಯಲ್ಲಾದರೆ ಅದು ಸಹಜ. ಆದರೆ ಸಿಸ್ಟರ್ ಒಪ್ಪಲಿಲ್ಲ. ಬೇರೆ ತಾಯಿಯ ಹಾಲು ಕೊಡುವುದಾದರೆ ಆಕೆಯ ರಕ್ತ ಪರೀಕ್ಷೆಯಾಗಬೇಕು, ಹಾಲನ್ನು 62.5 ಡಿಗ್ರಿಯಲ್ಲಿ ಅರ್ಧ ಗಂಟೆ ಪಾಶ್ಚರೀಕರಿಸಬೇಕು. ಅದಕ್ಕೆಂದೇ ಎದೆಹಾಲಿನ ಬ್ಯಾಂಕುಗಳಿವೆ. 1989ರಲ್ಲಿ ಮುಂಬೈನ ಸಯಾನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ ಅವರು ಶುರು ಮಾಡಿದ್ದು ಏಷ್ಯಾದಲ್ಲೇ ಮೊದಲನೆಯದು ಎಂದು ನನಗೆ ತಿಳಿದದ್ದು ಆಗಲೇ. ನಮಗೆ ಅದರ ಅಗತ್ಯ ಬೀಳಲಿಲ್ಲ. ನಾಲ್ಕನೆಯ ದಿನ ನನಗೂ ಹಾಲು ಇಳಿಯಿತು.

ಮೊದಲ ವಾರ ಪುಟ್ಟಿಯ ತೂಕ ಇಳಿದು 1,070 ಗ್ರಾಂಗೆ ಬಂತು. ಎಲ್ಲ ಮಕ್ಕಳೂ ಮೊದಲು ಇಳಿಯುತ್ತವೆ ಎಂದು ಹೇಳಿದ್ದರು. ಹೇಳಿದರೇನು, ಎದೆ ಕೇಳಬೇಕಲ್ಲ! ಯಜಮಾನರು ಸಂಘದಿಂದ ತಂದ ಕೆಂಪು ಗೆರೆಯ ಲೆಕ್ಕದ ಪುಸ್ತಕದಲ್ಲಿ ದಿನದ ತೂಕ ಬರೆಯತೊಡಗಿದರು. ಬಲಗಡೆ ಗ್ರಾಂ, ಎಡಗಡೆ ಹಾಲಿನ ಮಿ.ಲೀ.

ಒಂಬತ್ತನೆಯ ದಿನ ಡಾಕ್ಟರಮ್ಮ ರೌಂಡ್ಸ್ ಮುಗಿಸಿ, “ಹಾಲು ಚೆನ್ನಾಗಿ ಜೀರ್ಣವಾಗ್ತಿದೆ. ದಿನಕ್ಕೆ ಕೆ.ಜಿ.ಗೆ ನೂರು ಮಿ.ಲೀ. ಮುಟ್ಟಿದೆ. ಇನ್ನು ಹಾಲಿಗೆ ಪುಡಿ ಸೇರಿಸೋಣ” ಎಂದರು.

“ಏನು ಪುಡಿ?”

“ಫೋರ್ಟಿಫೈಯರ್ ಅಂತ. ತಾಯಿಯ ಹಾಲಿಗೆ ಬೆರೆಸೋ ಪೋಷಕಾಂಶದ ಪುಡಿ. ಪ್ರೋಟೀನ್, ಕ್ಯಾಲ್ಸಿಯಂ, ಫಾಸ್ಫರಸ್, ವಿಟಮಿನ್ ಎಲ್ಲ ಇರುತ್ತೆ. ನಿಮ್ಮ ಹಾಲೊಂದೇ ಇವಳಿಗೆ ಸಾಲಲ್ಲ.”

ಅವರು ಏನೇನೋ ಹೇಳಿದರು. ನನ್ನ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ. ನಿಮ್ಮ ಹಾಲು ಸಾಲಲ್ಲ. ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗಲಿಲ್ಲ, ಎತ್ತಿಕೊಳ್ಳಲು ಆಗುತ್ತಿಲ್ಲ. ನಾನು ತಾಯಿಯಾಗಿ ಮಾಡುತ್ತಿದ್ದ ಒಂದೇ ಕೆಲಸ ಆ ಬಟ್ಟಲು ತುಂಬಿಸುವುದು. ಅದೂ ಸಾಲದೇ? ಆ ಪುಡಿ ಹಸುವಿನ ಹಾಲಿನಿಂದ ತಯಾರಾದದ್ದು ಎಂದು ತಿಳಿದ ಮೇಲಂತೂ ಹೊಟ್ಟೆಯಲ್ಲಿ ಬೆಂಕಿ ಬಿದ್ದಂತಾಯಿತು. ಆದರೆ ಡಾಕ್ಟರ ಮುಂದೆ ತಲೆಯಾಡಿಸಿದೆ.

ಪುಡಿ ಶುರುವಾಯಿತು. ಹದಿಮೂರನೆಯ ದಿನಕ್ಕೆ ಪುಟ್ಟಿ ಹುಟ್ಟಿದ ತೂಕಕ್ಕೆ ವಾಪಸ್ ಬಂದಳು. ಆಮೇಲೆ ದಿನಕ್ಕೆ 18, 22, 25 ಗ್ರಾಂ. ಲೆಕ್ಕದ ಪುಸ್ತಕದ ಬಲಗಡೆ ಅಂಕಣ ಮೆಟ್ಟಿಲು ಹತ್ತಿದಂತೆ ಹತ್ತಿತು. ನಾನು ಅದನ್ನು ಹಾಲಿನ ಗುಣ ಎಂದೇ ಲೆಕ್ಕ ಹಾಕಿದೆ. ಪುಡಿಗೆ ಒಂದು ಗ್ರಾಂ ಪಾಲನ್ನೂ ಕೊಡಲಿಲ್ಲ.

ಇಪ್ಪತ್ತನಾಲ್ಕನೆಯ ದಿನ 1,400 ಗ್ರಾಂ ಆದಾಗ ನಮ್ಮನ್ನು ತಾಯಿ-ಮಗುವಿನ ವಾರ್ಡಿಗೆ ಕಳಿಸಿದರು. ಅಲ್ಲಿ ಮಗು ತಾಯಿಯ ಎದೆಯ ಮೇಲೆಯೇ. ಕಾಂಗರೂ ಆರೈಕೆ ಎನ್ನುತ್ತಾರೆ. ಬಟ್ಟೆ ಬಿಚ್ಚಿದ ಮಗುವನ್ನು ಚರ್ಮಕ್ಕೆ ಚರ್ಮ ತಾಗಿಸಿ ಕಟ್ಟಿಕೊಂಡು ಒರಗಿ ಕೂರುವುದು. ಮಳೆಗಾಲದ ಆ ಚಳಿಯಲ್ಲಿ ನಾನೇ ಅವಳ ಕಂಬಳಿ.

ಹಾಲು ಕುಡಿಸಲು ಸಿಸ್ಟರ್ ಒಂದು ಪುಟ್ಟ ಸ್ಟೀಲ್ ಪಾತ್ರೆ ತಂದರು. “ಇದು ಪಾಲಡೆ” ಎಂದರು. ಅವರು ಕೇರಳದ ಕಡೆಯವರು. ನಮ್ಮತ್ತೆ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, “ಅಯ್ಯೋ, ಇದು ನಮ್ಮ ಒಳಲೆ ಕಣಮ್ಮ! ನನ್ನ ಮಗ ಇದರಲ್ಲೇ ಕುಡಿದು ಬೆಳೆದದ್ದು” ಎಂದರು. ಬೆಳ್ಳಿಯದು ಇನ್ನೂ ಊರಿನ ಪೆಟ್ಟಿಗೆಯಲ್ಲಿತ್ತು. ಸೀಸೆ, ನಿಪ್ಪಲ್ ಬೇಡ, ಇದನ್ನು ಕುದಿಸಿ ಶುಚಿ ಮಾಡುವುದು ಸುಲಭ, ಮಗು ತನಗೆ ಬೇಕಾದಷ್ಟು ನಿಧಾನವಾಗಿ ನುಂಗಬಹುದು ಎಂದು ಆಸ್ಪತ್ರೆಗಳೂ ಒಳಲೆಯನ್ನು ಬಳಸುತ್ತಿವೆ. ಅಜ್ಜಿಯರ ಸಾಮಾನು ತೀವ್ರ ನಿಗಾ ಘಟಕಕ್ಕೂ ಬಂದಿದೆ ಎಂದು ನಮ್ಮತ್ತೆಗೆ ಎಲ್ಲಿಲ್ಲದ ಹೆಮ್ಮೆ.

ವಾರ್ಡಿನಲ್ಲಿ ಪುಡಿ ಬೆರೆಸುವುದು ತಾಯಿಯ ಕೆಲಸ. ಕೈ ತೊಳೆದು, ಅಳತೆ ಬಟ್ಟಲಿಗೆ ಸರಿಯಾಗಿ 25 ಮಿ.ಲೀ. ಹಾಲು ಹಾಕಿ, ಒಂದು ಗ್ರಾಂ ಪುಡಿಯ ಒಂದು ಪೊಟ್ಟಣ ಸುರಿದು ಮೆಲ್ಲಗೆ ತಿರುಗಿಸಬೇಕು. ಕುಲುಕಿ ನೊರೆ ಎಬ್ಬಿಸಬಾರದು. ಪುಟ್ಟಿ ಆಗ ಎರಡು ಗಂಟೆಗೊಮ್ಮೆ 21-22 ಮಿ.ಲೀ. ಕುಡಿಯುತ್ತಿದ್ದಳು. ಉಳಿದ ಮೂರು ಮಿ.ಲೀ. ಚೆಲ್ಲಬೇಕು. ಅದು ಎಷ್ಟು ಹೊತ್ತು ಕೂತು ಹಿಂಡಿದ ಮೂರು ಮಿ.ಲೀ. ಎಂದು ಚೆಲ್ಲುವವಳಿಗೇ ಗೊತ್ತು.

ಹೀಗಿರುವಾಗ ಬಳಗದ ಹಿರಿಯರೊಬ್ಬರು ನೋಡಲು ಬಂದರು. ಪೊಟ್ಟಣವನ್ನು ಎತ್ತಿ ಹಿಡಿದು, “ಏನಮ್ಮಾ ಇದು, ತಾಯಿ ಹಾಲಿಗೂ ಕಲಬೆರಕೆಯಾ? ನಾವು ಐದು ಹೆತ್ತೆವು, ಯಾರಿಗೂ ಪುಡಿ ಹಾಕಲಿಲ್ಲ. ತಾಯಿ ಹಾಲು ಅಮೃತ ಅಂತಾರೆ. ಅಮೃತಕ್ಕೆ ಏನು ಬೆರೆಸ್ತೀಯ?” ಎಂದರು. ಅವರು ಕೆಟ್ಟವರಲ್ಲ. ಆದರೆ ನನ್ನೊಳಗೆ ಹದಿನೈದು ದಿನದಿಂದ ಬೂದಿ ಮುಚ್ಚಿದ್ದ ಕೆಂಡವನ್ನು ಊದಿ ಹೋದರು.

ಅವತ್ತು ರಾತ್ರಿ ನಾನು ಪೊಟ್ಟಣ ಒಡೆಯಲಿಲ್ಲ. ಬರೀ ಹಾಲು ಕುಡಿಸಿದೆ. ಪುಟ್ಟಿ ಚಪ್ಪರಿಸಿ ಕುಡಿದು ನಿದ್ದೆ ಹೋದಳು. ಏನೂ ಆಗಲಿಲ್ಲ! ಎರಡು ಗಂಟೆಯ ನಂತರ ಮತ್ತೆ ಹಾಗೇ ಮಾಡಿದೆ. ನಾಲ್ಕು ದಿನ ತೂಕ ಏರಲಿ, ಆಮೇಲೆ ‘ನೋಡಿ, ನನ್ನ ಹಾಲೇ ಸಾಕಿತ್ತು’ ಎಂದು ಡಾಕ್ಟರಮ್ಮನಿಗೆ ಹೇಳಿದರಾಯಿತು ಎಂದುಕೊಂಡೆ. ಸಿಸ್ಟರ್ ಕೊಟ್ಟ ಪೊಟ್ಟಣಗಳನ್ನೆಲ್ಲ ಮಗುವಿನ ಬಟ್ಟೆಯ ಚೀಲದಲ್ಲಿ ಅಡಗಿಸುತ್ತ ಹೋದೆ. ಮಕ್ಕಳು ಹೋಂವರ್ಕ್ ಮಾಡದೆ ಪುಸ್ತಕ ಮುಚ್ಚಿಡುವುದನ್ನು ವರ್ಷಗಟ್ಟಲೆ ಹಿಡಿದ ಟೀಚರ್ ನಾನು!

ಮೊದಲ ದಿನ 12 ಗ್ರಾಂ ಏರಿತು. ಮರುದಿನ 8. ಆಮೇಲೆ 10. ನಾಲ್ಕನೆಯ ದಿನ ಐದೇ ಗ್ರಾಂ. ಯಜಮಾನರು ಪುಸ್ತಕ ನೋಡಿ ಸುಮ್ಮನಾದರು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿದರು. ಹಾಲು ಕಕ್ಕುತ್ತಾಳಾ? ಇಲ್ಲ. ಮೈ ತಣ್ಣಗಿದೆಯಾ? ಇಲ್ಲ. ಪುಡಿ ಪ್ರತಿ ಸಲ ಬೆರೆಸ್ತಿದ್ದೀರಲ್ಲ? ನಾನು ತಲೆಯಾಡಿಸಿದೆ. “ಹಾಗಾದ್ರೆ ಸೋಂಕು ಏನಾದರೂ ಇದೆಯಾ ನೋಡಬೇಕು. ರಕ್ತ ತೆಗೆಯಿರಿ” ಎಂದು ಸಿಸ್ಟರ್‌ಗೆ ಹೇಳಿದರು.

ಸಿಸ್ಟರ್ ಟ್ರೇ ತಂದರು. ಪುಟ್ಟಿಯ ಪಾದ ಹಿಡಿದು ಸ್ಪಿರಿಟ್ ಹತ್ತಿಯಿಂದ ಒರೆಸಿದರು. ಅಷ್ಟು ದಿನದ ಸೂಜಿಗಳ ಕಪ್ಪು ಚುಕ್ಕೆಗಳು ಆ ಪಾದದ ತುಂಬ. ತಣ್ಣನೆಯ ಹತ್ತಿ ತಾಗಿದ್ದೇ ಅವಳು ಮುಖ ಕಿವುಚಿದಳು. ನನಗೆ ತಡೆಯಲಾಗಲಿಲ್ಲ. “ಬೇಡ ಸಿಸ್ಟರ್, ನಿಲ್ಲಿಸಿ” ಎಂದು ಚೀಲ ತಂದು ಮಂಚದ ಮೇಲೆ ಮಗುಚಿದೆ. ಲಂಗೋಟಿ, ಟೋಪಿ, ಕಾಲುಚೀಲಗಳ ನಡುವೆ ಒಡೆಯದ ನಲವತ್ತಕ್ಕೂ ಹೆಚ್ಚು ಪೊಟ್ಟಣಗಳು.

ಯಾರೂ ಮಾತಾಡಲಿಲ್ಲ. ಯಜಮಾನರು ಪೊಟ್ಟಣಗಳನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಬೈಗುಳಕ್ಕೆ ಕಾದೆ. ಡಾಕ್ಟರಮ್ಮ ಮಗುವನ್ನು ಇನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿ, “ಸೋಂಕಿನ ಲಕ್ಷಣ ಏನೂ ಕಾಣಲ್ಲ. ಇವತ್ತು ರಕ್ತ ಬೇಡ, ನಿಗಾ ಇಡೋಣ” ಎಂದು ಸಿಸ್ಟರನ್ನು ಕಳಿಸಿದರು. ಸ್ಟೂಲ್ ಎಳೆದುಕೊಂಡು ಕೂತರು. ಯಜಮಾನರ ಕೈಯಲ್ಲಿದ್ದ ಲೆಕ್ಕದ ಪುಸ್ತಕ ಕೇಳಿ ತೆಗೆದುಕೊಂಡು ಖಾಲಿ ಹಾಳೆಯಲ್ಲಿ ನಡುವೆ ಗೆರೆ ಎಳೆದರು.

“ನೋಡಿ ಮೇಡಂ, ಈ ಕಡೆ ನಿಮ್ಮ ಗರ್ಭ ಕೊಡ್ತಿದ್ದದ್ದು. ಆ ಕಡೆ ನಿಮ್ಮ ಹಾಲು ಕೊಡೋದು. ಗರ್ಭದಲ್ಲಿ ಈ ವಯಸ್ಸಿನ ಮಗು ದಿನಕ್ಕೆ ಕೆ.ಜಿ.ಗೆ ಸುಮಾರು 15 ಗ್ರಾಂ ಬೆಳೆಯುತ್ತೆ. ಮೂಳೆಗೆ ಬೇಕಾದ ಕ್ಯಾಲ್ಸಿಯಂ, ಫಾಸ್ಫರಸ್‌ನ ಬಹುಪಾಲು ತಾಯಿಯಿಂದ ಮಗುವಿಗೆ ಹೋಗೋದು ಕೊನೆಯ ಮೂರು ತಿಂಗಳಲ್ಲೇ. ಹೊಕ್ಕುಳಬಳ್ಳಿ ದಿನಕ್ಕೆ ಕೆ.ಜಿ.ಗೆ ನೂರು ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಸಾಗಿಸುತ್ತೆ. ಇವಳು ದಿನಕ್ಕೆ ಕೆ.ಜಿ.ಗೆ 180 ಮಿ.ಲೀ. ಹಾಲು ಕುಡಿದರೂ ಅದರಲ್ಲಿ ಸಿಗೋದು ಐವತ್ತರ ಆಸುಪಾಸು. ಪ್ರೋಟೀನ್ ಮೂರೂವರೆಯಿಂದ ನಾಲ್ಕು ಗ್ರಾಂ ಬೇಕು. ಹಾಲಿನಲ್ಲಿ ಸಿಗೋದು ಎರಡು, ಎರಡೂವರೆ.”

“ಹಾಗಾದ್ರೆ ಇನ್ನೂ ಹೆಚ್ಚು ಹಾಲು ಕುಡಿಸಿದರೆ?” ಎಂದೆ.

“ಎಷ್ಟು? ಎರಡರಷ್ಟು? ಈ ಹೊಟ್ಟೆ ಹಿಡಿಯುತ್ತಾ? ಅಷ್ಟು ನೀರನ್ನ ಇವಳ ಹೃದಯ, ಶ್ವಾಸಕೋಶ ತಡೆಯಲ್ಲ.”

ಯಜಮಾನರು ಹಾಳೆಯನ್ನೇ ನೋಡುತ್ತಿದ್ದವರು ಮೊದಲ ಬಾರಿಗೆ ಬಾಯಿಬಿಟ್ಟರು. “ಅಂದ್ರೆ ಹೊಕ್ಕುಳಬಳ್ಳಿ ಬಾಕಿ ಉಳಿಸ್ಕೊಂಡು ಹೋಗಿದೆ. ಪುಡಿ ಅದನ್ನ ತೀರಿಸ್ತಾ ಇದೆ. ಹಾಲಿನ ಖಾತೆ ಸರಿಯಾಗೇ ಇದೆ.”

“ಇಷ್ಟು ಚೆನ್ನಾಗಿ ನನಗೂ ಹೇಳೋಕೆ ಬಂದಿಲ್ಲ” ಎಂದು ಡಾಕ್ಟರಮ್ಮ ನಕ್ಕರು. “ನಿಮ್ಮ ಹಾಲು ತಿಂಗಳು ತುಂಬಿ ಹುಟ್ಟಿದ ಮಗುವಿಗೆ ಹೇಳಿ ಮಾಡಿಸಿದ್ದು. ಅಂಥ ಮಗು ಮೂಳೆ, ಕೊಬ್ಬು ಎಲ್ಲ ಗಂಟು ಕಟ್ಟಿಕೊಂಡು ಬರುತ್ತೆ. ಇವಳು ಬರಿಗೈಯಲ್ಲಿ ಬಂದಿದ್ದಾಳೆ.”

“ಹಾಗಿದ್ದರೆ ಡಬ್ಬಿ ಹಾಲನ್ನೇ ಯಾಕೆ ಕೊಡಲಿಲ್ಲ?” ನನ್ನ ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ.

“ಯಾಕೆಂದರೆ ಪುಡಿಯಲ್ಲಿ ತೂಕ ಇದೆ, ರಕ್ಷಣೆ ಇಲ್ಲ. ಇಷ್ಟು ಎಳೆಯ ಮಕ್ಕಳ ಕರುಳು ಹಠಾತ್ತಾಗಿ ಕೊಳೆಯೋ ಒಂದು ಭಯಂಕರ ಕಾಯಿಲೆ ಇದೆ. ಡಬ್ಬಿ ಹಾಲು ಕುಡಿಯೋ ಮಕ್ಕಳಲ್ಲಿ ಅದು ಹೆಚ್ಚು, ತಾಯಿ ಹಾಲು ಕುಡಿಯೋರಲ್ಲಿ ಕಡಿಮೆ. ಕರುಳು ಕಾಯೋದು ನಿಮ್ಮ ಹಾಲೇ. ಅದಕ್ಕೇ ಹಾಲನ್ನ ಬಿಡಿಸಲ್ಲ, ಹಾಲಿಗೆ ಸೇರಿಸ್ತೀವಿ. ಬ್ಯಾಂಕಿನಿಂದ ತಂದ ಹಾಲಾದರೆ ಅದರಲ್ಲಿ ಪ್ರೋಟೀನ್ ಇನ್ನೂ ಕಡಿಮೆ, ಅದಕ್ಕೂ ಈ ಪುಡಿ ಬೇಕಾಗುತ್ತೆ.” ಸ್ವಲ್ಪ ತಡೆದು ಹೇಳಿದರು: “ಈ ಪುಡಿ ಸೇರಿಸಿದರೆ ಆಸ್ಪತ್ರೆಯಲ್ಲಿ ಇರುವಷ್ಟು ದಿನ ಮಕ್ಕಳ ತೂಕ, ಉದ್ದ, ತಲೆಯ ಬೆಳವಣಿಗೆ ಸ್ವಲ್ಪ ಚುರುಕಾಗುತ್ತೆ ಅಂತ ಅಧ್ಯಯನಗಳು ಹೇಳುತ್ತವೆ. ದೊಡ್ಡವರಾದಮೇಲೆ ಹೆಚ್ಚು ಜಾಣರಾಗ್ತಾರೆ ಅಂತೆಲ್ಲ ನಾನು ಹೇಳಲ್ಲ. ಅದಕ್ಕೆ ಅಷ್ಟು ಪುರಾವೆ ಇಲ್ಲ. ಈ ನಾಲ್ಕು ದಿನದ ತೂಕಕ್ಕೆ ಪುಡಿ ಬಿಟ್ಟದ್ದೊಂದೇ ಕಾರಣವೂ ಅಲ್ಲ. ಒಳಲೆಯಲ್ಲಿ ಕುಡಿಯೋದು ಅವಳಿಗೆ ಹೊಸ ದುಡಿಮೆ. ಆದರೆ ದುಡಿಯೋಳಿಗೆ ಊಟ ಕಡಿಮೆ ಮಾಡಬಾರದು ಅಲ್ವಾ?”

ಅವರು ಹೋದ ಮೇಲೆ ನಾನು ಗೋಡೆಗೆ ತಿರುಗಿ ಅತ್ತೆ. ನಮ್ಮತ್ತೆ ಬಂದು ಪಕ್ಕದಲ್ಲಿ ಕೂತರು. ಅವರು ಬೈದರೂ ನನಗೆ ಬೇಸರವಾಗುತ್ತಿರಲಿಲ್ಲ. ಸ್ವಲ್ಪ ಹೊತ್ತು ಬೆನ್ನು ಸವರಿ ಹೇಳಿದರು: “ಸಸಿಮಡಿಯಿಂದ ಅವಧಿಗೆ ಮುಂಚೆ ಪೈರು ಕಿತ್ತು ನಾಟಿ ಮಾಡಿದ್ರೆ ಬರೀ ನೀರು ಸಾಲಲ್ಲ ಕಣೇ, ಗೊಬ್ಬರಾನೂ ಬೇಕು. ಹಂಗಂತ ಯಾರಾದ್ರೂ ನೀರನ್ನ ಬೈತಾರಾ?”

ನಾನು ತಿರುಗಿ ಅವರ ಮುಖ ನೋಡಿದೆ. ಡಾಕ್ಟರಮ್ಮನ ಲೆಕ್ಕ ತಲೆಗೆ ಹೋಗಿತ್ತು. ಅತ್ತೆಯ ಮಾತು ಎದೆಗೆ ಇಳಿಯಿತು. ನಾನು ನೀರು. ಬೈಸಿಕೊಂಡಿದ್ದೇನೆ ಎಂದು ಸುಮ್ಮನೆ ಅಂದುಕೊಂಡಿದ್ದೆ. ಬೈದವರು ಯಾರೂ ಇರಲಿಲ್ಲ.

ಮುಂದಿನ ಹಾಲಿಗೆ ನಾನೇ ಪೊಟ್ಟಣ ಒಡೆದೆ. ಮೂರು ದಿನ ಕಳೆಯುವುದರೊಳಗೆ ಪುಸ್ತಕದಲ್ಲಿ ಮತ್ತೆ 20 ಬಂತು, ಆಮೇಲೆ 24. ಯಜಮಾನರಿಗೆ ಉತ್ಸಾಹ ಎಷ್ಟೆಂದರೆ, “ಎರಡು ಪೊಟ್ಟಣ ಹಾಕಿದರೆ ಎರಡರಷ್ಟು ಏರುತ್ತಾ?” ಎಂದು ಕೇಳಿಯೇಬಿಟ್ಟರು. ಸಿಸ್ಟರ್ ಕಣ್ಣು ದೊಡ್ಡದು ಮಾಡಿ, “ಸಾರ್, ಇದು ಬಡ್ಡಿ ಲೆಕ್ಕ ಅಲ್ಲ. ಗಟ್ಟಿಯಾದರೆ ಎಳೆ ಕರುಳಿಗೆ ಅಪಾಯ. ಹೇಳಿದಷ್ಟು ಹಾಲಿಗೆ ಹೇಳಿದಷ್ಟೇ ಪುಡಿ” ಎಂದರು. ನಾನು ಕಡಿಮೆ ಮಾಡಿ ಕೆಟ್ಟೆ, ಇವರು ಹೆಚ್ಚು ಮಾಡಿ ಕೆಡುತ್ತಿದ್ದರು. ಮಗುವಿನ ಮೇಲಿನ ಆಸೆ ಎರಡು ಕಡೆಗೂ ಎಳೆಯುತ್ತದೆ.

ಆ ದಿನಗಳಲ್ಲಿ ಸಣ್ಣಪುಟ್ಟ ವಿಷಯಗಳನ್ನೂ ಕಲಿತೆ. ಹಿಂಡುವಾಗ ಮೊದಲು ಬರುವ ಹಾಲು ತೆಳು, ಕೊನೆಗೆ ಬರುವುದರಲ್ಲಿ ಕೊಬ್ಬು ಹೆಚ್ಚು. ಆದ್ದರಿಂದ ಕೊನೆಯ ಹನಿಯವರೆಗೂ ಹಿಂಡಬೇಕು. ಇಟ್ಟ ಹಾಲಿನ ಕೊಬ್ಬು ಪಾತ್ರೆಯ ಅಂಚಿಗೆ ಅಂಟುತ್ತದೆ, ಕುಡಿಸುವ ಮೊದಲು ಮೆಲ್ಲಗೆ ತಿರುಗಿಸಿ ಅದನ್ನು ಬೆರೆಸಿಕೊಳ್ಳಬೇಕು. ತೂಕದ ಜೊತೆಗೆ ವಾರಕ್ಕೊಮ್ಮೆ ತಲೆಯ ಸುತ್ತಳತೆ, ಉದ್ದ ಕೂಡ ಅಳೆಯುತ್ತಾರೆ, ಯಾಕೆಂದರೆ ಕೊಬ್ಬಷ್ಟೇ ಬೆಳೆದರೆ ಸಾಲದು. ಇನ್ನು ನಮ್ಮತ್ತೆ ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದ ಬಜೆ, ಜೇನುತುಪ್ಪಗಳನ್ನು ಸಿಸ್ಟರ್ ನಯವಾಗಿ ಇಸಿದುಕೊಂಡು, ಹೋಗುವಾಗ ವಾಪಸ್ ಕೊಟ್ಟರು. ವರ್ಷ ತುಂಬುವವರೆಗೆ ಯಾವ ಮಗುವಿಗೂ ಜೇನು ನೆಕ್ಕಿಸಬಾರದಂತೆ.

ನಲವತ್ತೆರಡನೆಯ ದಿನ, 1,780 ಗ್ರಾಂ ಆದಾಗ ಮನೆಗೆ ಕಳಿಸಿದರು. ಆ ಹೊತ್ತಿಗೆ ಪುಟ್ಟಿ ನೇರವಾಗಿ ಎದೆಹಾಲು ಚೀಪಲು ಕಲಿತಿದ್ದಳು. ದಿನಕ್ಕೆ ಎರಡು ಸಲ ಮಾತ್ರ ಪುಡಿ ಬೆರೆಸಿದ ಹಾಲನ್ನು ಒಳಲೆಯಲ್ಲಿ ಕೊಡುತ್ತಿದ್ದೆ. ಎರಡು ಕೆ.ಜಿ. ದಾಟಿದ ಮೇಲೆ ಡಾಕ್ಟರಮ್ಮ ಅದನ್ನೂ ನಿಲ್ಲಿಸಿ, ವಿಟಮಿನ್ ಡಿ, ಕಬ್ಬಿಣ, ಕ್ಯಾಲ್ಸಿಯಂ ಹನಿಗಳನ್ನು ಮುಂದುವರಿಸಿದರು. ಕೊನೆಯ ಪೊಟ್ಟಣ ಒಡೆದ ದಿನ ನನಗೆ ಗೆದ್ದೆ ಎನಿಸಲಿಲ್ಲ. ಬಾಕಿ ತೀರಿತು ಎನಿಸಿತು. ಯಜಮಾನರು ಪುಸ್ತಕದಲ್ಲಿ ಎರಡು ಗೆರೆ ಎಳೆದು, ಕೆಳಗೆ ಸಹಿ ಮಾಡಿದರು.

ಪುಟ್ಟಿ ಈಗ ಎರಡನೆಯ ಕ್ಲಾಸು. ತರಗತಿಯಲ್ಲಿ ಸ್ವಲ್ಪ ಸಣ್ಣಗೇ ಇದ್ದಾಳೆ. ಓಟದಲ್ಲಿ ಕೊನೆಯಿಂದ ಎರಡನೆಯವಳು, ಮಾತಿನಲ್ಲಿ ಮೊದಲನೆಯವಳು. ಮಳೆಗಾಲದಲ್ಲಿ ಶೀತ, ಕೆಮ್ಮು ಅವಳನ್ನು ಬೇಗ ಹಿಡಿಯುತ್ತವೆ. ಕಾಫಿಯ ವಾಸನೆ ಬಂದರೆ ಮಾತ್ರ ಎಲ್ಲಿದ್ದರೂ ಓಡಿ ಬರುತ್ತಾಳೆ. “ಅದು ಹಳೇ ನಂಟು” ಎನ್ನುತ್ತಾರೆ ನಮ್ಮತ್ತೆ.

ಕಳೆದ ತಿಂಗಳು ರಾತ್ರಿ ಹತ್ತು ಗಂಟೆಗೆ ನಮ್ಮ ಶಾಲೆಯ ಅಡುಗೆಯವರ ಮಗಳು ಫೋನ್ ಮಾಡಿದಳು. ಅವಳಿಗೆ 31 ವಾರಕ್ಕೇ ಹೆರಿಗೆಯಾಗಿ ಗಂಡುಮಗು ಆಸ್ಪತ್ರೆಯಲ್ಲಿದೆ. “ಮೇಡಂ, ನನ್ನ ಹಾಲು ಸಾಲಲ್ಲ ಅಂತಿದಾರೆ. ಏನೋ ಪುಡಿ ಹಾಕ್ತಾರಂತೆ” ಎಂದು ಬಿಕ್ಕಿದಳು. ಆ ದನಿ ನನಗೆ ಚೆನ್ನಾಗಿ ಗೊತ್ತು. ಅದು ಏಳು ವರ್ಷದ ಹಿಂದಿನ ನನ್ನದೇ ದನಿ.

ಅವಳಿಗೆ ಹೇಳಿದೆ: “ಹಾಲು ಹಿಂಡೋದನ್ನ ಒಂದು ಸಲವೂ ತಪ್ಪಿಸಬೇಡ, ಪುಡಿ ಎಷ್ಟೇ ಒಳ್ಳೆಯದಾದರೂ ಅದು ನಿಲ್ಲೋದು ನಿನ್ನ ಹಾಲಿನ ಮೇಲೇ. ನಿನ್ನಷ್ಟಕ್ಕೆ ಪುಡಿ ಹೆಚ್ಚು ಮಾಡಬೇಡ, ಕಡಿಮೆ ಮಾಡಬೇಡ. ಮನಸ್ಸಿಗೆ ಒಪ್ಪದಿದ್ದರೆ ಮುಚ್ಚಿಡದೆ ಡಾಕ್ಟರನ್ನೇ ಕೇಳು. ಎಷ್ಟು ಸಲ ಬೇಕಾದರೂ ಕೇಳು.” ಆಮೇಲೆ ನಮ್ಮತ್ತೆಯ ಪೈರಿನ ಮಾತು ಹೇಳಿದೆ. ಆ ಕಡೆ ಅಳು ನಿಂತಿತು.

ಮರುದಿನ ಬೆಳಗ್ಗೆ ನೋಡಿದರೆ ನಮ್ಮತ್ತೆ ದೇವರ ಮನೆಯಿಂದ ಬೆಳ್ಳಿ ಒಳಲೆ ತೆಗೆದು ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದರು. ಇಷ್ಟು ವರ್ಷ ದೀಪಕ್ಕೆ ಎಣ್ಣೆ ಹಾಕುತ್ತಿದ್ದದ್ದು ಅದರಲ್ಲೇ.

“ಆಸ್ಪತ್ರೆಯಲ್ಲಿ ಸ್ಟೀಲಿಂದು ಕೊಡ್ತಾರೆ ಅತ್ತೆ” ಎಂದೆ.

“ಕೊಡಲಿ. ಮನೆಗೆ ಬಂದಮೇಲೆ ಬೇಕಲ್ಲ” ಎಂದರು. ಪುಟ್ಟಿ ಅದನ್ನು ಬಟ್ಟೆಯಲ್ಲಿ ಒರೆಸಿ, ತನ್ನ ಹಳೆಯ ಟೋಪಿಯೊಳಗೆ ಇಟ್ಟು ಸುತ್ತಿ ನನ್ನ ಚೀಲಕ್ಕೆ ಹಾಕಿದಳು.